ಶಟರ್ ಎಳೆದ ದಿನದ ಮಾತ್ರೆ

ಬೆಳಗ್ಗೆ ಎಂಟೂವರೆಗೆ ಆ ಬೀದಿಯಲ್ಲಿ ಮೊದಲು ಕೇಳುವುದು ಶಟರ್‌ಗಳ ಸದ್ದು. ಒಂದೊಂದು ಅಂಗಡಿಯದೂ ಒಂದೊಂದು ದನಿ. ಗಡಿಯಾರ ರಿಪೇರಿಯವನ ಶಟರ್ ಎರಡು ಸಲ ಕೆಮ್ಮಿ ಮೇಲೇರುತ್ತದೆ. ಔಷಧಿ ಅಂಗಡಿಯದು ಹಟ ಹಿಡಿದ ಮಗುವಿನ ಹಾಗೆ ಕೀರಲು. ಬೀಗದಕ್ಕನದು ಮಾತ್ರ ವಾರವಾರವೂ ಎಣ್ಣೆ ಕಂಡದ್ದು. ಬಟ್ಟೆ ಮಡಚಿದಷ್ಟು ಮೆತ್ತಗೆ ಮೇಲೆ ಹೋಗಿ ಕೊನೆಯಲ್ಲಿ ಒಮ್ಮೆ ‘ಟಕ್’ ಎನ್ನುತ್ತದೆ. ಎದುರು ಮನೆಯವರು ಆ ಟಕ್ ಕೇಳಿಯೇ ಹಾಲು ಕಾಯಲು ಇಡುತ್ತಿದ್ದರು. ಅವರ ಮನೆಯಲ್ಲಿ ಗಡಿಯಾರ ಇತ್ತು, ಅದನ್ನು ಯಾರೂ ನಂಬುತ್ತಿರಲಿಲ್ಲ.

ಬೀಗದಕ್ಕ ಎಂಬುದು ಬೀದಿ ಇಟ್ಟ ಹೆಸರು. ವಯಸ್ಸು ಐವತ್ತೆಂಟು. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹದಿಮೂರು ಮೆಟ್ಟಿಲು. ಅಂಗಡಿಯ ಮೂರು ಗೋಡೆಗೂ ಮೊಳೆ ಹೊಡೆದು, ಇನ್ನೂ ಹಲ್ಲು ಕೊಯ್ಯದ ಹಿತ್ತಾಳೆ ಕೀಗಳನ್ನು ತೂಗುಹಾಕಿದ್ದಳು. ಗಾಳಿ ಬಂದರೆ ಅವೆಲ್ಲ ಬೊಚ್ಚುಬಾಯಿ ಬಿಟ್ಟು ನಕ್ಕಂತೆ ಕಿಲಕಿಲ ಎನ್ನುತ್ತಿದ್ದವು. ಅಪ್ಪನಿಂದ ಕಲಿತ ಕೆಲಸ. ನಲವತ್ತು ವರ್ಷದಲ್ಲಿ ಒಂದು ಕೀ ಕೂಡ ಬೀಗದೊಳಗೆ ಹೋಗಿ ತಿರುಗದೆ ನಿಂತದ್ದಿಲ್ಲ. ಮನೆಗೆ ಬೀಗ ಹಾಕಿ ಕೀ ಕಳೆದುಕೊಂಡು ಓಡಿ ಬಂದವರನ್ನು ಅವಳು ಕೇಳುತ್ತಿದ್ದ ಮೊದಲ ಪ್ರಶ್ನೆ, ಹಿಂಬಾಗಿಲು ನೋಡಿದಿರಾ ಎಂಬುದು. ಹತ್ತರಲ್ಲಿ ಮೂವರ ಹಿಂಬಾಗಿಲು ತೆರೆದೇ ಇರುತ್ತಿತ್ತು. ಅವರು ನಾಚಿಕೊಂಡು ಹಿಂದಿರುಗುತ್ತಿದ್ದರು.

ಅವಳ ಗಂಡ ನಿವೃತ್ತ ಬಸ್ ಕಂಡಕ್ಟರ್. ಮನೆಯೊಳಗೆ ಎರಡು ಹೆಜ್ಜೆ ಸರಿಯಬೇಕಾದರೂ “ಮುಂದೆ ಹೋಗಿ, ಮುಂದೆ ಹೋಗಿ” ಎನ್ನುವ ಅಭ್ಯಾಸ ಬಿಟ್ಟಿರಲಿಲ್ಲ. ಮಕ್ಕಳಿಲ್ಲ. ಯಾರಾದರೂ ಆ ಮಾತು ತೆಗೆದರೆ, ನಮ್ಮ ಮನೆಯಲ್ಲಿ ಬೀಗ ಸಾವಿರ ಇವೆ, ಬೀಗರು ಮಾತ್ರ ಇಲ್ಲ ಎಂದು ನಗಿಸಿ ಮುಗಿಸುತ್ತಿದ್ದ.

ಅಕ್ಕನ ಮಾತೆಂದರೆ ಕಲ್ಲಿನ ಮೇಲಿನ ಗೀಟು. ಒಂದು ಸಲ ಹೀಗೆ ಎಂದು ಗೊತ್ತು ಮಾಡಿಕೊಂಡರೆ ಹಾಗೆಯೇ. ಕಣ್ಣು ಮುಚ್ಚಿಕೊಂಡು ಪಾಲಿಸುವವರನ್ನು ಜನ ಮೆಚ್ಚುತ್ತಾರೆ. ಅವಳನ್ನೂ ಮೆಚ್ಚಿದ್ದರು.

ಒಂದು ಬೆಳಗ್ಗೆ ಅವಳ ಕೈಗೆ ಕೀ ಉಜ್ಜುವ ಅರ ಹಿಡಿಯಲು ಬರಲಿಲ್ಲ. ಬೆರಳ ಗೆಣ್ಣುಗಳು ಊದಿ, ಮುಚ್ಚಿದ ಮುಷ್ಟಿ ತೆರೆಯುವಾಗ ಬೆಳಗಿನ ಹತ್ತು ಗಂಟೆಯಾಗಿತ್ತು. ಮರುದಿನವೂ ಹಾಗೆಯೇ. ತಿಂಗಳೊಳಗೆ, ಊರಿನ ಯಾವ ಬಾಗಿಲನ್ನಾದರೂ ತೆಗೆಯಬಲ್ಲ ಹೆಂಗಸಿಗೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲಾಗಲಿಲ್ಲ. ಗಂಡ ತೆಗೆದುಕೊಟ್ಟ. ಅವಳು ಊಟ ಬಿಟ್ಟು ಎದ್ದಳು. ಅಂಗಡಿ ಹೋದರೆ ತಾನು ಇರುವುದೇಕೆ ಎಂದು ಅವಳು ಯಾರಿಗೂ ಹೇಳಲಿಲ್ಲ. ಆದರೆ ಆ ದಿನದಿಂದ ಮೊಳೆಯ ಮೇಲಿನ ಕೀಗಳ ದೂಳನ್ನು ದಿನಕ್ಕೆರಡು ಸಲ ಒರೆಸತೊಡಗಿದಳು.

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ತಾಳ್ಮೆಯವಳು. ಇದು ಸಂಧಿವಾತ, ಮೈಯ ಕಾವಲುಗಾರರೇ ದಾರಿ ತಪ್ಪಿ ಸ್ವಂತ ಗೆಣ್ಣುಗಳ ಮೇಲೆ ಬಿದ್ದಿದ್ದಾರೆ ಎಂದಳು. ಒಂದು ಕಾಗದದಲ್ಲಿ ಮೆಥೊಟ್ರೆಕ್ಸೇಟ್ ಎಂದೂ ಅದರ ಕೆಳಗೆ ಫೋಲಿಕ್ ಆಸಿಡ್ ಎಂದೂ ಬರೆದಳು. ಎರಡೂ ಸಣ್ಣ ಹಳದಿ ಮಾತ್ರೆ. ಎದುರಿಗಿರುವವಳು ಬೀಗದವಳೆಂದು ಗೊತ್ತಾಗಿ, ಅವಳ ಭಾಷೆಯಲ್ಲೇ ವಿವರಿಸಲು ಹೊರಟಳು. ಆಗಿದ್ದೆಲ್ಲ ಆಗಿದ್ದು ಅಲ್ಲಿಂದ.

ಮೈಯಲ್ಲಿ ದಿನವೂ ಹಳೆಯ ಜೀವಕೋಶ ಸಾಯುತ್ತದೆ, ಹೊಸದು ಹುಟ್ಟುತ್ತದೆ. ರಕ್ತ, ಬಾಯೊಳಗಿನ ತೊಗಲು, ಕರುಳಿನ ಒಳಪದರ, ಇವಕ್ಕಂತೂ ಬಿಡುವೇ ಇಲ್ಲ. ಒಂದು ಕೋಶ ಎರಡಾಗಬೇಕಾದರೆ ತನ್ನೊಳಗಿನ ಅಚ್ಚನ್ನು ಹಲ್ಲಿಗೆ ಹಲ್ಲು ಸರಿಯಾಗಿ ನಕಲು ತೆಗೆಯಬೇಕು. ಆ ನಕಲಿಗೆ ಬೇಕಾದ ಒಂದು ಚೂರನ್ನು ಕಟ್ಟಲು ಕೈಜೋಡಿಸುವುದು ಫೋಲಿಕ್ ಆಸಿಡ್ಡು. ಸೊಪ್ಪಿನಲ್ಲಿ, ಕಾಳಿನಲ್ಲಿ ಇರುವ ಒಂದು ವಿಟಮಿನ್ನಿನದೇ ಮಾತ್ರೆಯ ರೂಪ. ಹೆಸರು ಬಂದದ್ದೇ ಎಲೆ ಎಂಬ ಮಾತಿನಿಂದ. ಅದು ಸಾಲದೆ ಹೋದರೆ ಕೋಶ ಊದಿಕೊಳ್ಳುತ್ತದೆ, ಒಡೆದು ಎರಡಾಗುವುದಿಲ್ಲ. ರಕ್ತದಲ್ಲಿ ದೊಡ್ಡ ದೊಡ್ಡ ಅಪಕ್ವ ಕೋಶಗಳು ತುಂಬಿ, ಮನುಷ್ಯ ಬಿಳಿಚಿಕೊಂಡು ಏದುಸಿರು ಬಿಡುತ್ತಾನೆ.

“ಹಲ್ಲು ಕೊಯ್ಯದ ಕೀ ಗೋಡೆ ತುಂಬ ಇದ್ದ ಹಾಗೆ,” ಎಂದಳು ಅಕ್ಕ.

ಡಾಕ್ಟರಮ್ಮನಿಗೆ ಖುಷಿಯಾಯಿತು. ಆ ಖುಷಿಯಲ್ಲಿ ಮುಂದುವರಿದಳು. ಫೋಲಿಕ್ ಆಸಿಡ್ ಹಾಗೇ ಕೆಲಸಕ್ಕೆ ಬಾರದು, ಮೈಯೊಳಗಿನ ಒಂದು ಬೀಗಕ್ಕೆ ಹೊಕ್ಕು, ಅದು ತಿರುಗಿ, ಆಮೇಲೆ ಸಿದ್ಧವಾಗಬೇಕು. ಮೆಥೊಟ್ರೆಕ್ಸೇಟ್ ನೋಡಲು ಥೇಟ್ ಅದರಂತೆಯೇ ಇರುತ್ತದೆ. ಆ ಬೀಗಕ್ಕೆ ಅದೇ ಮೊದಲು ಹೊಗುತ್ತದೆ, ಆದರೆ ತಿರುಗುವುದಿಲ್ಲ. ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಅಕ್ಕನ ಮುಖ ಬಿಗಿಯಿತು. “ಒಳಗೆ ಹೋಗಿ ತಿರುಗದ ಕೀ ಮಾಡಿದವರಿಗೆ ನಮ್ಮಪ್ಪ ಅರದಲ್ಲೇ ಬಾರಿಸ್ತಿದ್ದ. ನೀವು ಅದನ್ನ ದುಡ್ಡು ಕೊಟ್ಟು ನುಂಗು ಅಂತೀರಲ್ಲ ತಾಯಿ.”

ವೃತ್ತಿಧರ್ಮದ ಪ್ರಶ್ನೆಯಾಗಿ ಅದು ಮುಕ್ಕಾಲು ಗಂಟೆ ನಡೆಯಿತು. ಹೊರಗೆ ರೋಗಿಗಳ ಸಾಲು ಬೆಳೆಯಿತು. ವಾರಕ್ಕೊಮ್ಮೆ ಸ್ವಲ್ಪವೇ ಕೊಟ್ಟರೆ ದಾರಿತಪ್ಪಿದ ಕಾವಲುಗಾರರು ತಣ್ಣಗಾಗುತ್ತಾರೆ, ಅದು ನಿಖರವಾಗಿ ಹೇಗೆಂಬುದು ಪೂರ್ತಿ ನಮಗೂ ಗೊತ್ತಿಲ್ಲ ಎಂದು ಡಾಕ್ಟರಮ್ಮ ಕೊನೆಗೆ ಒಪ್ಪಿಕೊಂಡಳು. ಆ ಒಪ್ಪಿಗೆಯೇ ಅಕ್ಕನನ್ನು ಗೆದ್ದದ್ದು. ಗೊತ್ತಿಲ್ಲ ಎನ್ನುವ ಕೆಲಸಗಾರರ ಮೇಲೆ ಅವಳಿಗೆ ಗೌರವ. ಆದರೆ ಆ ಸಿಕ್ಕಿಕೊಂಡ ಕೀ ಬಾಯಿಯನ್ನೂ ರಕ್ತವನ್ನೂ ಕೆಡಿಸಬಾರದಲ್ಲ, ಅದಕ್ಕೇ ಉಳಿದ ದಿನಗಳಲ್ಲಿ ಫೋಲಿಕ್ ಆಸಿಡ್ಡು. ಇದನ್ನು ಕೇಳಿ ಜೊತೆಗೆ ಬಂದಿದ್ದ ಗಂಡ, ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎಂದರೆ ಇದೇ ಎಂದ. ಅವನನ್ನು ಹೊರಗೆ ಕೂರಿಸಲಾಯಿತು.

ಇನ್ನು ದಿನ ಗೊತ್ತು ಮಾಡುವುದು. ಮಂಗಳವಾರ ಆದೀತೇ ಎಂದು ಡಾಕ್ಟರಮ್ಮ ಕೇಳಿದಳು. ಅಕ್ಕನಿಗೆ ವಾರದ ಹೆಸರುಗಳ ಮೇಲೆ ಭರವಸೆ ಇರಲಿಲ್ಲ. ಅವಳಿಗೆ ಇದ್ದದ್ದು ಎರಡೇ ಬಗೆಯ ದಿನ, ಶಟರ್ ಎತ್ತಿದ ದಿನ, ಶಟರ್ ಎಳೆದ ದಿನ. ವಾರಕ್ಕೊಂದು ರಜೆ, ಅದು ಸೋಮವಾರವೂ ಆಗಬಹುದು, ಬುಧವಾರವೂ ಆಗಬಹುದು, ಯಾರು ಯಾವತ್ತು ಮನೆ ಹೊರಗೆ ಸಿಕ್ಕಿಬೀಳುತ್ತಾರೋ ನೋಡಿಕೊಂಡು. ಒಂದೇ ವಾರದಲ್ಲಿ ಎರಡು ದಿನ ಮುಚ್ಚಿದ್ದುಂಟೇ ಎಂದು ಡಾಕ್ಟರಮ್ಮ ಕೇಳಿದಳು. ಅಪ್ಪ ಸತ್ತಾಗಲೂ ಒಂದೇ ದಿನ ಎಂದಳು ಅಕ್ಕ. ಡಾಕ್ಟರಮ್ಮನಿಗೆ ಇದಕ್ಕಿಂತ ಗಟ್ಟಿ ಪಂಚಾಂಗ ಇನ್ನೊಂದಿಲ್ಲ ಅನ್ನಿಸಿತು. ಚೀಟಿಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಳು: ಅಂಗಡಿ ಮುಚ್ಚಿದ ದಿನ, ಮೊದಲನೆಯದು, ನಾಲ್ಕು. ಅಂಗಡಿ ತೆರೆದ ದಿನ, ಎರಡನೆಯದು, ಒಂದು. ತಪ್ಪಿಸಬಾರದು. ಆ ಕೊನೆಯ ಮಾತಿನ ಕೆಳಗೆ ಎರಡು ಗೀಟು.

ಫೋಲಿಕ್ ಆಸಿಡ್ ಕೊಳ್ಳಲು ಅಕ್ಕ ಹೋದದ್ದು ಬೀದಿಯದೇ ಔಷಧಿ ಅಂಗಡಿಗೆ. ಅಂಗಡಿಯವನಿಗೆ ‘ಎಕ್ಸ್‌ಪೈರಿ’ ಎಂದು ಹೆಸರು. ಏನು ಕೊಟ್ಟರೂ ಹಿಂದೆ ಮುಂದೆ ತಿರುಗಿಸಿ ಅವಧಿ ಮುಗಿಯುವ ತಾರೀಖು ಹುಡುಕುತ್ತಿದ್ದ. ಮದುವೆ ಕರೆಯೋಲೆಯನ್ನೂ ಬಿಟ್ಟವನಲ್ಲ. ಆ ಹೊತ್ತಿಗೆ ಅಲ್ಲಿದ್ದವಳು ಎದುರು ಮನೆಯ ಸೊಸೆ. ಅವಳ ಕೈಯಲ್ಲೂ ಅದೇ ಫೋಲಿಕ್ ಆಸಿಡ್ ಮಾತ್ರೆಯ ಪಟ್ಟಿ. ಬಸುರಾಗುವ ಮೊದಲಿನಿಂದಲೇ ನುಂಗಬೇಕು ಎಂದು ಅವಳಿಗೆ ಹೇಳಿದ್ದರು. ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಮೊದಲ ತಿಂಗಳಲ್ಲೇ, ಎಷ್ಟೋ ಸಲ ತಾಯಿಗೆ ಸುದ್ದಿ ತಿಳಿಯುವ ಮೊದಲೇ. ಸೊಸೆ ಅಕ್ಕನ ಪಟ್ಟಿ ನೋಡಿದಳು, ಅಕ್ಕನ ಹೊಟ್ಟೆ ನೋಡಿದಳು, ನೆಟ್ಟಗೆ ಮನೆಗೆ ಹೋದಳು.

ಸಂಜೆಯೊಳಗೆ ಬೀದಿಗೆ ಬೀದಿಯೇ ಕಂಡಕ್ಟರನ ಕೈ ಕುಲುಕಿತ್ತು. ಗಡಿಯಾರದವನು ಒಂದು ತೊಟ್ಟಿಲು ತನ್ನ ಅಟ್ಟದಲ್ಲಿ ಸುಮ್ಮನೆ ಬಿದ್ದಿದೆ ಎಂದ. ಅರವತ್ತೆರಡರ ಕಂಡಕ್ಟರ್ ಮೊದಲು ಅಲ್ಲಗಳೆದ, ಆಮೇಲೆ ಅಲ್ಲಗಳೆಯುವುದನ್ನು ನಿಧಾನ ಮಾಡಿದ, ರಾತ್ರಿ ಊಟದ ಹೊತ್ತಿಗೆ ಮೀಸೆ ತಿರುವುತ್ತಿದ್ದ. ಅಕ್ಕ ಮರುದಿನ ಅಂಗಡಿಯ ಮುಂದೆ ಹಲಗೆ ತೂಗುಹಾಕಿದಳು: ‘ಇದು ಬೆರಳಿಗೆ.’ ಬಂದವರೆಲ್ಲ ಅದನ್ನು ಬೀಗದ ಯಾವುದೋ ಹೊಸ ಜಾತಿ ಎಂದುಕೊಂಡು ಬೆಲೆ ಕೇಳಿದರು.

ಏನೇ ಇರಲಿ, ಬೆರಳು ಮಾತು ಕೇಳಿದವು. ಮೂರು ತಿಂಗಳಿಗೆ ಮುಷ್ಟಿ ತೆರೆಯಿತು, ಐದಕ್ಕೆ ಅರ ಹಿಡಿಯಿತು, ಏಳಕ್ಕೆ ಉಪ್ಪಿನಕಾಯಿ ಬಾಟಲಿ ತೆಗೆದು ಅವಳು ಗಂಡನ ಮುಂದೆ ಸದ್ದು ಮಾಡಿ ಇಟ್ಟಳು. ಅವನು ಉಪ್ಪಿನಕಾಯಿ ತಿನ್ನುವುದಿಲ್ಲ. ಆದರೂ ಹಾಕಿಸಿಕೊಂಡ.

ಎಂಟನೆಯ ತಿಂಗಳು ಬೀದಿಗೆ ನೀರಿನ ಕೊಳವೆ ಹಾಕುವವರು ಬಂದರು. ಅಗೆದ ಮಣ್ಣನ್ನು ಎಲ್ಲಿ ಹಾಕುವುದೆಂದು ನೋಡಿ, ಸದ್ದಿಲ್ಲದ ಶಟರಿನವರು ಇನ್ನೂ ಎದ್ದಿಲ್ಲ ಎಂದುಕೊಂಡು, ಬೀಗದಕ್ಕನ ಬಾಗಿಲಿಗೆ ಎದೆಯೆತ್ತರ ಒಟ್ಟಿದರು. ಶಟರ್ ಮೇಲೇಳಲಿಲ್ಲ, ಓಡಾಟಕ್ಕೆ ಪಕ್ಕದ ಮೆಟ್ಟಿಲೇ ಗತಿಯಾಯಿತು. ಮಣ್ಣು ಸಂಜೆಗೆ ತೆಗೆಯುತ್ತೇವೆ ಎಂದರು. ಸಂಜೆಗೆ ಬಂಡೆ ಸಿಕ್ಕಿತು. ಬಂಡೆ ಒಡೆಯುವ ಯಂತ್ರ ಬೇರೆ ಊರಲ್ಲಿತ್ತು.

ಆ ದಿನ ಶಟರ್ ಎಳೆದ ದಿನ. ಅಕ್ಕ ನಾಲ್ಕು ಮಾತ್ರೆ ನುಂಗಿದಳು. ಮರುದಿನವೂ ಶಟರ್ ಎಳೆದ ದಿನ. ಮತ್ತೆ ನಾಲ್ಕು. ಇದು ವಾರಕ್ಕೊಂದೇ ಸಲ ಅಲ್ಲವೇನೇ ಎಂದು ಗಂಡ ಮೂರನೆಯ ದಿನ ಕೇಳಿದ. ಅವಳು ಚೀಟಿ ತೋರಿಸಿದಳು. ಚೀಟಿಯಲ್ಲಿ ವಾರ ಎಂಬ ಮಾತೇ ಇರಲಿಲ್ಲ. ಅಂಗಡಿ ಮುಚ್ಚಿದ ದಿನ ಎಂದಿತ್ತು, ತಪ್ಪಿಸಬಾರದು ಎಂದಿತ್ತು, ಎರಡು ಗೀಟು ಇದ್ದವು. ಮೂವತ್ತು ವರ್ಷ ಬರೆದ ನಿಯಮದ ಪ್ರಕಾರ ಟಿಕೆಟ್ ಹರಿದವನು ನೀರಿನ ಲೋಟ ತಂದುಕೊಟ್ಟ. ಅಂಗಡಿ ತೆರೆಯದ ಕಾರಣ ಫೋಲಿಕ್ ಆಸಿಡ್ ಡಬ್ಬಿಯನ್ನು ಅವಳು ಮುಟ್ಟಲೂ ಇಲ್ಲ. ನಾಲ್ಕನೆಯ ದಿನ ನಾಲಿಗೆಯ ಅಂಚಿಗೆ ಹುಣ್ಣಾಯಿತು. ಐದನೆಯ ದಿನ ಬಾಯಿ ತುಂಬ. ಮಣ್ಣಿನ ದೂಳು ಎಂದುಕೊಂಡಳು. ಐದು ವಾರಕ್ಕೆಂದು ತಂದ ಇಪ್ಪತ್ತು ಮಾತ್ರೆ ಅಂದಿಗೆ ಮುಗಿದವು.

ಆರನೆಯ ದಿನ ಬೆಳಗ್ಗೆ ಕಂಡಕ್ಟರ್ ಖಾಲಿ ಡಬ್ಬಿ ಹಿಡಿದು ಔಷಧಿ ಅಂಗಡಿಗೆ ಹೋದ. ಎಕ್ಸ್‌ಪೈರಿ ಅಭ್ಯಾಸದಂತೆ ಡಬ್ಬಿ ತಿರುಗಿಸಿ ತಾರೀಖು ನೋಡಿದ. ಅವಧಿ ಇನ್ನೂ ಎರಡು ವರ್ಷ ಇತ್ತು. ಅದರ ಕೆಳಗೆ ತಾನೇ ಬರೆದ, ಕೊಟ್ಟ ದಿನದ ತಾರೀಖು ಇತ್ತು.

“ಇದು ಹೋದ ವಾರ ಕೊಟ್ಟಿದ್ದಲ್ವಾ ಸರ್?”

“ಹೌದು. ಅಂಗಡಿ ಮುಚ್ಚಿದೆಯಲ್ಲ.”

ಎಕ್ಸ್‌ಪೈರಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ, ಗಿರಾಕಿಗಳು ಒಳಗಿದ್ದ ಹಾಗೆಯೇ ಶಟರ್ ಎಳೆದು ಬೀಗ ಜಡಿದು ಅಕ್ಕನ ಮನೆಗೆ ಓಡಿದ. ಒಳಗಿದ್ದ ಇಬ್ಬರು ಸಂಜೆ ತನಕ ಬಿಸ್ಕತ್ತು ತಿಂದುಕೊಂಡಿದ್ದರಂತೆ. ಊರಿನಲ್ಲಿ ಬೀಗ ತೆಗೆಯಬಲ್ಲವಳು ಒಬ್ಬಳೇ, ಅವಳು ಆಗಲೇ ಆಟೋದಲ್ಲಿ ಆಸ್ಪತ್ರೆಯ ದಾರಿಯಲ್ಲಿದ್ದಳು.

ರಕ್ತ ಪರೀಕ್ಷೆಯ ಕಾಗದವನ್ನು ಡಾಕ್ಟರಮ್ಮ ಎರಡು ಸಲ ಓದಿದಳು. ಬಿಳಿ ಕೋಶಗಳು ಕಾಲು ಭಾಗಕ್ಕೆ ಇಳಿದಿದ್ದವು. ಯಾಕಮ್ಮಾ ದಿನಾ ತಗೊಂಡಿರಿ ಎಂದು ಕೇಳಿದಳು. ಬಾಯಿ ತೆರೆಯಲಾಗದ ಅಕ್ಕ ಕಾಗದ ಕೇಳಿ ಬರೆದಳು: ‘ಬಾಗಿಲು ಹಾಕಿತ್ತು.’

ಡಾಕ್ಟರಮ್ಮ ಅದನ್ನು ಓದಿ ಮಂಚದ ಅಂಚಿನಲ್ಲೇ ಕುಳಿತಳು. ಚೀಟಿಯ ದುಂಡಗಿನ ಅಕ್ಷರ ಅವಳದೇ. ಅವಳ ಕಣ್ಣು ತುಂಬಿದ್ದನ್ನು ಅಕ್ಕ ನೋಡಿದಳು. ಕಾಗದ ವಾಪಸು ತೆಗೆದುಕೊಂಡು ಕೆಳಗೆ ಸೇರಿಸಿದಳು: ‘ನಾನೂ ವಾರ ಎಣಿಸಬೇಕಿತ್ತು.’

ಪ್ರತಿ ಆರು ಗಂಟೆಗೊಮ್ಮೆ ನರಕ್ಕೆ ಒಂದು ಔಷಧಿ ಹೋಯಿತು. ಅದು ಫೋಲಿಕ್ ಆಸಿಡ್ಡೇ ಎಂದು ಅಕ್ಕ ಕೈಸನ್ನೆಯಲ್ಲಿ ಕೇಳಿದಳು. ಅಲ್ಲ, ಅದರ ತಂಗಿ, ಫೋಲಿನಿಕ್ ಆಸಿಡ್. ಈಗ ಫೋಲಿಕ್ ಆಸಿಡ್ ಎಷ್ಟು ಸುರಿದರೂ ಪ್ರಯೋಜನವಿಲ್ಲ, ಅದು ಹೋಗಬೇಕಾದ ಬೀಗದಲ್ಲೆಲ್ಲ ಆ ತಿರುಗದ ಕೀ ಮುರಿದು ಕೂತಿದೆ. ಇದಕ್ಕೆ ಆ ಬೀಗ ತೆಗೆಯುವ ಗೊಡವೆಯೇ ಇಲ್ಲ. ಬೀಗದ ಆಚೆಗೆ ಆಗಬೇಕಾದದ್ದು ಇದರಲ್ಲಿ ಮೊದಲೇ ಆಗಿದೆ. ನೇರವಾಗಿ ಒಳಗೆ.

ಅಕ್ಕ ಬರೆದಳು: ‘ಹಿಂಬಾಗಿಲು?’

“ಹೂಂ ಅಮ್ಮ. ಹಿಂಬಾಗಿಲು.”

ಆಸ್ಪತ್ರೆಗೆ ಬಂದ ಮೇಲೆ ಮೊದಲ ಸಲ ಅಕ್ಕನ ಮುಖ ಸಡಿಲವಾಯಿತು. ಆ ಔಷಧಿಯ ಸೀಸೆಗೆ ಅವಳು ಕೈ ಮುಗಿದಳು, ಇನ್ನೊಬ್ಬ ಒಳ್ಳೆಯ ಕೆಲಸಗಾರನನ್ನು ಕಂಡವಳ ಹಾಗೆ.

ಮತ್ತೂ ಹತ್ತು ದಿನ ಬೀದಿಯಲ್ಲಿ ಹಾಲು ಸರಿಯಾದ ಹೊತ್ತಿಗೆ ಕಾಯಲಿಲ್ಲ. ಎದುರು ಮನೆಯವರು ಎರಡು ಸಲ ಉಕ್ಕಿಸಿದರು, ಒಂದು ಸಲ ಹಾಲಿಡುವುದನ್ನೇ ಮರೆತರು. ಹನ್ನೊಂದನೆಯ ದಿನ ರಕ್ತದ ಬಿಳಿ ಕೋಶಗಳು ಏರಿದವು. ಬಾಯಿಯ ಹುಣ್ಣು ಮಾಯಿತು. ಬಂಡೆ ಒಡೆಯುವ ಯಂತ್ರವೂ ಅಂದೇ ಬಂತು.

ಅವಳು ಉಳಿದಳು. ಆದರೆ ಮಾತ್ರೆ ನಿಂತಿತು. ನಿಂತ ಎರಡನೆಯ ತಿಂಗಳಿಗೆ ಗೆಣ್ಣುಗಳು ಮತ್ತೆ ಊದಿದವು. ಡಾಕ್ಟರಮ್ಮ ಬೇರೊಂದು ಔಷಧಿ ಕೊಟ್ಟಳು, ಅದು ಅಕ್ಕನ ಬೆರಳಿಗೆ ಹಿಡಿಸಲಿಲ್ಲ. ಹಳೆಯದನ್ನೇ ಕೊಡಿ ಎಂದು ಅಕ್ಕ ಕೇಳಿದಳು. ನನಗೆ ಧೈರ್ಯ ಇಲ್ಲಮ್ಮ ಎಂದು ಡಾಕ್ಟರಮ್ಮ ತಲೆ ತಗ್ಗಿಸಿದಳು. ನಲವತ್ತು ವರ್ಷದಲ್ಲಿ ಮೊದಲ ಸಲ ಒಬ್ಬರು ತನ್ನನ್ನು ನಂಬಲಾರೆ ಎಂದದ್ದು. ಅಕ್ಕ ಎದ್ದು ಬಂದಳು.

ಆಮೇಲಿನ ಹದಿನೆಂಟು ದಿನ ಅವಳು ಅಂಗಡಿಯ ಮೂಲೆಯಲ್ಲಿ ಏನೋ ಮಾಡುತ್ತಿದ್ದಳು. ಅರ ಹತ್ತು ಸಲ ಬೀಳುತ್ತಿತ್ತು, ಹತ್ತು ಸಲ ಎತ್ತಿಕೊಳ್ಳುತ್ತಿದ್ದಳು. ಗಂಡ ಸಹಾಯಕ್ಕೆ ಬಂದರೆ “ಮುಂದೆ ಹೋಗಿ” ಎಂದು ಅವನದೇ ಮಾತನ್ನು ಅವನಿಗೆ ಕೊಡುತ್ತಿದ್ದಳು. ಹತ್ತೊಂಬತ್ತನೆಯ ದಿನ ಡಾಕ್ಟರಮ್ಮನ ಮೇಜಿನ ಮೇಲೆ ಒಂದು ಉಕ್ಕಿನ ಪೆಟ್ಟಿಗೆ ಇಟ್ಟಳು. ಅಂಗೈಯಷ್ಟು ಪೆಟ್ಟಿಗೆಗೆ ಬಾಗಿಲಿಗೆ ಹಾಕುವಂಥ ಬೀಗ. ಕೀ ಒಂದೇ. ಯಾರಿಗೆ ಮಾಡಿಕೊಟ್ಟರೂ ಎರಡು ಕೀ ಕೊಡುವವಳು ಇದಕ್ಕೆ ಒಂದೇ ಕೊಯ್ದಿದ್ದಳು. ಅದು ಎಕ್ಸ್‌ಪೈರಿಯ ಬಳಿ ಇರುತ್ತದೆ. ವಾರಕ್ಕೊಮ್ಮೆ, ಗುರುವಾರ, ಕ್ಯಾಲೆಂಡರಿನ ಗುರುವಾರ, ಶಟರ್ ಎತ್ತಿರಲಿ ಎಳೆದಿರಲಿ, ಅವನು ಬಂದು ತೆಗೆಯುತ್ತಾನೆ, ಎಣಿಸಿ ಕೊಡುತ್ತಾನೆ, ನುಂಗಿದ್ದು ನೋಡಿ ಬೀಗ ಹಾಕಿ ಹೋಗುತ್ತಾನೆ. ಫೋಲಿಕ್ ಆಸಿಡ್ ಡಬ್ಬಿಗೆ ಬೀಗವಿಲ್ಲ, ಉಳಿದ ಆರು ದಿನ ಅದು.

ಡಾಕ್ಟರಮ್ಮ ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು. “ಕೀ ಇಲ್ಲದೆ ಇದನ್ನ ತೆಗೆಯೋಕೆ ನಿಮಗೆ ಎಷ್ಟು ಹೊತ್ತು ಬೇಕು?”

“ಹತ್ತು ಸೆಕೆಂಡು. ಬೆರಳು ಊದಿದ್ರೆ ಇಪ್ಪತ್ತು.”

“ಮತ್ತೆ ಬೀಗ ಯಾಕಮ್ಮ?”

“ತೆಗೆಯೋಕೆ ಬರುತ್ತಲ್ಲ, ಅದಕ್ಕೇ.”

ಡಾಕ್ಟರಮ್ಮ ಪೆಟ್ಟಿಗೆಯನ್ನು ಅಕ್ಕನ ಕಡೆಗೆ ಸರಿಸಿ ಚೀಟಿ ಎಳೆದುಕೊಂಡಳು. ಆಮೇಲೆ ರಕ್ತ ಪರೀಕ್ಷೆಗೆ ಬರೆದಳು, ಮಾತ್ರೆ ನಾಲ್ಕಿದ್ದದ್ದನ್ನು ಎರಡು ಮಾಡಿದಳು, ಗುರುವಾರ ಎಂಬುದನ್ನು ದೊಡ್ಡದಾಗಿ ಬರೆದು, ಗೀಟು ಎಳೆಯಹೋಗಿ ಕೈ ತಡೆದು, ‘ವಾರಕ್ಕೆ ಒಂದೇ ಸಲ, ಒಂದು ದಿನ ತಡವಾದರೆ ಪರವಾಗಿಲ್ಲ’ ಎಂದು ಸೇರಿಸಿದಳು.

ಹತ್ತು ಗುರುವಾರ ಸರಿಯಾಗಿ ನಡೆಯಿತು. ಎಕ್ಸ್‌ಪೈರಿ ಒಂಬತ್ತಕ್ಕೆ ಬರುತ್ತಿದ್ದ, ಬೀಗ ತೆಗೆಯುತ್ತಿದ್ದ, ಮಾತ್ರೆಯ ತಾರೀಖು ನೋಡುತ್ತಿದ್ದ, ಅಕ್ಕ “ಆ” ಎಂದು ಬಾಯಿ ತೋರಿಸುತ್ತಿದ್ದಳು. ಕಂಡಕ್ಟರ್ ಹಳೆಯ ಟಿಕೆಟ್ ಪುಸ್ತಕದಿಂದ ಒಂದು ಹರಿದು ಅವಳ ಕೈಗೆ ಕೊಡುತ್ತಿದ್ದ. ಬೆರಳು ಮತ್ತೆ ಬಗ್ಗತೊಡಗಿದ್ದವು.

ಹನ್ನೊಂದನೆಯ ಗುರುವಾರ ಗಡಿಯಾರದವನ ಶಟರ್ ಎರಡು ಸಲ ಕೆಮ್ಮಿತು. ಅಕ್ಕನದು ಟಕ್ ಎಂದಿತು. ಎದುರು ಮನೆಯಲ್ಲಿ ಹಾಲು ಕಾಯಿತು. ಔಷಧಿ ಅಂಗಡಿಯ ಕೀರಲು ಮಾತ್ರ ಕೇಳಲಿಲ್ಲ. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಮೇಜಿನ ಮೇಲೆ ಪೆಟ್ಟಿಗೆ, ಅದರ ಪಕ್ಕದಲ್ಲಿ ಒಂದು ಲೋಟ ನೀರು.

ಅವಳ ಬೆರಳುಗಳು ಆ ಬೆಳಗ್ಗೆ ಸರಾಗವಾಗಿದ್ದವು. ಒಂದು ಬೆರಳು ತನಗೆ ತಾನೇ ಬೀಗದ ಬಾಯಿಯ ಸುತ್ತ ಸುತ್ತು ಬಂತು. ಅದನ್ನು ಕಂಡಕ್ಟರ್ ನೋಡಿದ.

“ನಿನ್ನ ತಲೇಲೇ ಪಿನ್ ಇದೆಯಲ್ಲೇ,” ಎಂದ ಮೆಲ್ಲಗೆ. “ಎರಡು ಮಾತ್ರೆ ತಗೊಂಡು ಮತ್ತೆ ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ?”

ಅಕ್ಕ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ತಲೆಯಿಂದ ಪಿನ್ ಕಿತ್ತು ಗಂಡನ ಜೇಬಿಗೆ ಹಾಕಿದಳು. ಪೆಟ್ಟಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿ, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು, ಚಪ್ಪಲಿಗೆ ಕಾಲು ತುರುಕಿದಳು.

“ಅವನ ಮನೆಗೆ ಹಿಂಬಾಗಿಲು ಇದೆ, ಅಲ್ಲಿಂದ ಎಬ್ಬಿಸ್ತೀನಿ. ಇಲ್ಲದಿದ್ರೆ ನಾಳೆ. ಅಷ್ಟೇ ರೀ, ತಡವಾದ್ರೆ ತಡ. ಆದ್ರೆ ಇವತ್ತು ಅವನ ಬಾಗಿಲು ಹಾಕಿದೆ ಅಂತ ನಾನು ಇದನ್ನ ತೆಗೆದುಬಿಟ್ರೆ, ನಾಳೆ ಆ ಹುಡುಗಿ ಡಾಕ್ಟರ ಮುಂದೆ ನಾನು ಯಾವ ಮುಖ ಇಟ್ಕೊಂಡು,” ಎನ್ನುತ್ತಲೇ ಬೀದಿಗಿಳಿದು, ಕೊಳವೆ ಹಾಕಿ ಮುಚ್ಚಿದ ಹಳ್ಳದ, ಇನ್ನೂ ಗಟ್ಟಿಯಾಗದ ಮಣ್ಣಿನ ಮೇಲೆ, ಲೋಟದ ನೀರು ತುಳುಕದಂತೆ ಹೆಜ್ಜೆ ಹಾಕಿದಳು.